ಐವತ್ತು ಮಂದಿಯ ಪಟ್ಟಿ

ನನ್ನ ಮದುವೆ ಆದದ್ದು 2020ರ ಜೂನ್‌ನಲ್ಲಿ, ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಅಂಗಳದಲ್ಲಿ. ಕೊರೊನಾ ಕಾಲ, ಮದುವೆಗೆ 50 ಜನ ಮೀರಬಾರದು ಅಂತ ನಿಯಮ. ಆಗ ಮದುವೆ ಆದವರನ್ನು ಕಂಡರೆ ಎಲ್ಲರೂ "ಖರ್ಚು ಉಳೀತು ಬಿಡಿ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಉಳಿದದ್ದು ನಿಜ. ಆದರೆ 800 ಜನರಿಗೆ ಊಟ ಹಾಕುವುದು ಸುಲಭ, 50 ಹೆಸರು ಬರೆಯುವುದು ಕಷ್ಟ. ಆ ಪಟ್ಟಿ ಬರೆದವಳು ನಾನೇ, ಅದಕ್ಕೇ ಹೇಳ್ತಿದ್ದೇನೆ.

ನಮ್ಮ ಕಡೆ ಮದುಮಗಳಿಗೆ ತನ್ನ ಮದುವೆಯಲ್ಲಿ ಕೆಲಸ ಅಂತ ಏನೂ ಇರುವುದಿಲ್ಲ. ಅರಿಷಿಣ ಹಚ್ಚಿಸಿಕೊಳ್ಳಬೇಕು, ಕೂಡು ಅಂದಲ್ಲಿ ಕೂಡಬೇಕು, ಅಷ್ಟೇ. ಆದರೆ ಆಗ ಅನುಮತಿ, ಪಾಸು, ಪಟ್ಟಿ ಎಲ್ಲವೂ ಮೊಬೈಲು, ಲ್ಯಾಪ್‌ಟಾಪಿನ ಕೆಲಸ ಆಗಿಬಿಟ್ಟಿತ್ತು. ಅಪ್ಪನಿಗೆ ವಾಟ್ಸ್‌ಆ್ಯಪ್‌ನಲ್ಲಿ ಶುಭೋದಯ ಕಳಿಸುವುದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಅಣ್ಣನದು ಮೆಡಿಕಲ್ ಅಂಗಡಿ, ಆ ದಿನಗಳಲ್ಲಿ ಅವನಿಗೆ ಉಣ್ಣಲಿಕ್ಕೂ ಪುರಸೊತ್ತಿಲ್ಲ. ಉಳಿದವಳು ನಾನು. ವರ್ಕ್ ಫ್ರಂ ಹೋಮ್ ಅಂತ ಹೇಗೂ ಮನೆಯಲ್ಲೇ ಇದ್ದೆ.

ಮೊದಲು ಮದುವೆ ಗೊತ್ತಾಗಿದ್ದು ಏಪ್ರಿಲ್ 26ಕ್ಕೆ. ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಅವತ್ತೇ. ಹುಡುಗ ಭಾಲ್ಕಿಯವರು. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು, ಪತ್ರಿಕೆ ಅಚ್ಚಾಗಿ ಬಂದಿತ್ತು. ಅಷ್ಟರಲ್ಲಿ ಮಾರ್ಚ್ 10ಕ್ಕೆ ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಕೊರೊನಾದಿಂದ ಆದದ್ದು, ಇಡೀ ದೇಶದಲ್ಲೇ ಮೊದಲ ಸಾವು ಅಂತ 12ಕ್ಕೆ ಖಚಿತವಾಯಿತು. ನಾನಾಗ ಬೆಂಗಳೂರಿನಲ್ಲಿದ್ದೆ. ರಜೆ ಹಾಕಿ ಹಾಸನ–ಸೋಲಾಪುರ ರೈಲು ಹತ್ತುವಾಗ ರೂಮಿನ ಹುಡುಗಿಯರು "ಕಲಬುರಗಿಗಾ? ಅಲ್ಲೇ ಅಲ್ವಾ ಅದು..." ಅಂತ ಅರ್ಧಕ್ಕೇ ಮಾತು ನುಂಗಿದರು. ಎಲ್ಲರೂ ನಮ್ಮೂರು ಬಿಟ್ಟು ಹೊರಗೆ ಹೋಗುತ್ತಿದ್ದಾಗ ನಾನು ಒಳಗೆ ಬಂದೆ. ಬಂದ ಸ್ವಲ್ಪ ದಿನಕ್ಕೆ ದೇಶಕ್ಕೇ ಬೀಗ ಬಿತ್ತು.

ಏಪ್ರಿಲ್ ಹೋಯಿತು. ಮೇದಲ್ಲಿ ಮದುವೆಗೆ ಅವಕಾಶ ಇದೆ, 50 ಜನ ಮೀರಬಾರದು ಅಂತ ನಿಯಮ ಬಂತು. ಅಪ್ಪ ಒಪ್ಪಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಎಲ್ಲ ಸರಿಯಾಗ್ತದೆ, ದೊಡ್ಡದಾಗಿ ಮಾಡೋಣ ಅಂದರು. ಮದುವೆ ಮಾಡಿಸುವ ಅಯ್ಯನವರು ಪಂಚಾಂಗ ತೆಗೆದರು. ಜೂನ್ ಮೊದಲ ವಾರ ಶುಕ್ರಾಸ್ತ, ಆಗುವುದಿಲ್ಲ. 21ಕ್ಕೆ ಸೂರ್ಯಗ್ರಹಣ, ಅದರ ಮರುದಿನದಿಂದ ಆಷಾಢ. ನಡುವೆ ಉಳಿದದ್ದು ಒಂದಿಷ್ಟೇ ದಿನ. ಅದು ಬಿಟ್ಟರೆ ಶ್ರಾವಣ. "ಶ್ರಾವಣಕ್ಕ ಏನಿರ್ತದೋ ಯಾರಿಗೆ ಗೊತ್ತ್ರೀ" ಅಂತ ಅಯ್ಯನವರು ಒಂದು ಮಾತು ಅಂದರು. ಅಪ್ಪ ಸುಮ್ಮನಾದರು. ನಿಜ ಹೇಳಬೇಕೆಂದರೆ ಅಯ್ಯನವರು ಹೇಳಿದ್ದೇ ಸರಿಹೋಯಿತು, ಜುಲೈನಲ್ಲಿ ನಮ್ಮೂರಲ್ಲಿ ಕೇಸು ಇನ್ನೂ ಏರಿದವು.

ನಿಯಮದ ಕಾಗದ ಓದಿದಾಗ ಎಲ್ಲರ ಕಣ್ಣು 50ರ ಮೇಲೇ ಬಿತ್ತು. ನನ್ನ ಕಣ್ಣು ಬಿದ್ದದ್ದು ಕೆಳಗಿನ ಸಾಲಿನ ಮೇಲೆ. 65 ದಾಟಿದವರು, 10 ವರ್ಷದ ಒಳಗಿನ ಮಕ್ಕಳು, ಬಸುರಿಯರು ಬರುವಂತಿಲ್ಲ. ಎಸಿ ಹಾಕುವಂತಿಲ್ಲ, ಗಾಳಿ ಬೆಳಕು ಇರುವ ಜಾಗ ಬೇಕು. ಎಲೆ ಅಡಿಕೆ, ಗುಟ್ಕಾ, ತಂಬಾಕು ಬಂದ್. ಉಗುಳುವಂತಿಲ್ಲ. ಬಂದವರ ಹೆಸರು, ಫೋನ್ ನಂಬರ್ ಬರೆದಿಡಬೇಕು. ಎಲ್ಲ ನೋಡಿಕೊಳ್ಳಲಿಕ್ಕೆ ಒಬ್ಬ ನೋಡಲ್ ವ್ಯಕ್ತಿ ಇರಬೇಕು. ನಮ್ಮ ಆಯಿ, ಅಂದರೆ ಅಜ್ಜಿ, 65 ಯಾವತ್ತೋ ದಾಟಿದವಳು. ಅವಳನ್ನು ಮಂಟಪದ ಬಾಗಿಲಲ್ಲಿ ತಡೆದರೆ ಏನು ಮಾಡೋದು? ಬಿಟ್ಟು ಹೋಗೋದಂತೂ ಆಗದ ಮಾತು. ನನ್ನನ್ನು ಸಾಕಿದವಳೇ ಆಯಿ.

ಯೋಚನೆ ಮಾಡಿದೆವು. ಮಂಟಪದಲ್ಲಿ ಮದುವೆ ಆದರೆ ಆಯಿ ಅತಿಥಿ. ಮನೆಯಲ್ಲೇ ಆದರೆ? ಅವಳು ಅತಿಥಿ ಹೇಗಾಗ್ತಾಳೆ, ಮನೆ ಅವಳದೇ. ಅಣ್ಣನ ನಾಲ್ಕು ವರ್ಷದ ಮಗನಿಗೂ ಅದೇ ನ್ಯಾಯ. ಕಾಗದದ ಪ್ರಕಾರ ಇದು ಎಷ್ಟು ಸರಿಯೋ, ನನಗಂತೂ ಸರಿ ಅನ್ನಿಸಿತು. ಆಯಿಗೆ ಈ ವಿಷಯ ತಿಳಿಸಿದಾಗ, "ನನ್ನ ಮನ್ಯಾಗ ನಾ ಇರ್ಲಾಕ ಯಾರ ಪರ್ಮಿಶನ್ ಬೇಕವ್ವಾ?" ಅಂದಳು. ಮಂಟಪ ಬೇಡ, ಮನೆಯೇ ಆಗಲಿ ಅಂತ ತೀರ್ಮಾನವಾದದ್ದು ಹಾಗೆ. ದುಡ್ಡು ಉಳಿಸಲಿಕ್ಕೆ ಅಲ್ಲ. ಮಂಟಪದವರು ಮುಂಗಡ ವಾಪಸ್ ಕೊಡಲಿಲ್ಲ, ಮುಂದೆ ಯಾವಾಗಲಾದರೂ ಕಾರ್ಯಕ್ರಮ ಮಾಡಿದರೆ ಹಿಡಿದುಕೊಳ್ಳುತ್ತೇವೆ ಅಂದರು. ಅವರಿಗೂ ಆ ವರ್ಷ ಸೀಸನ್ನೇ ಮುಳುಗಿತ್ತು, ಜಗಳ ಆಡಲು ಮನಸ್ಸು ಬರಲಿಲ್ಲ. ಅಪ್ಪ ಮಾತ್ರ ಇವತ್ತಿಗೂ ಆ ರಸೀದಿ ಇಟ್ಟುಕೊಂಡಿದ್ದಾರೆ.

ಅನುಮತಿ ಕೊಡುವ ಕಚೇರಿಯಲ್ಲಿ ಅರ್ಜಿ, ಎರಡೂ ಕಡೆಯವರ ಆಧಾರ್, ಮದುವೆ ಪತ್ರಿಕೆ, ಬರುವವರ ಪಟ್ಟಿ ಕೇಳಿದರು. ಪತ್ರಿಕೆ ಅಂದಾಗ ಪೇಚಾಯಿತು. ನಮ್ಮ ಹತ್ತಿರ ಕಟ್ಟುಗಟ್ಟಲೆ ಪತ್ರಿಕೆ ಇತ್ತು, ಎಲ್ಲದರ ಮೇಲೂ ಏಪ್ರಿಲ್ 26, ಮಂಟಪದ ವಿಳಾಸ. ಅದನ್ನೇ ಪೆನ್ನಿನಲ್ಲಿ ತಿದ್ದಿಕೊಂಡು ಹೋಗಿದ್ದಕ್ಕೆ, ತಿದ್ದಿದ್ದು ನಡೆಯೋದಿಲ್ಲ ಅಂದರು. ಪ್ರಿಂಟಿಂಗ್ ಪ್ರೆಸ್ಸು ಅರ್ಧ ಬಾಗಿಲು ತೆಗೆದಿತ್ತು. ಬರೀ ಇಪ್ಪತ್ತೈದು ಪತ್ರಿಕೆ ಅಂದಾಗ ಪ್ರೆಸ್ಸಿನವರು ನಕ್ಕರು, ಕಂಪ್ಯೂಟರಿನಲ್ಲೇ ತೆಗೆದು ಕೊಟ್ಟರು. ಇದು ಮುಂದೆ ಮದುವೆ ನೋಂದಣಿಗೂ ಉಪಯೋಗಕ್ಕೆ ಬಂತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರಿಕೆಯ ದಿನಾಂಕ, ಫೋಟೋ ಎಲ್ಲ ತಾಳೆ ಆಗಬೇಕಲ್ಲ.

ಈಗ ಪಟ್ಟಿ. 50 ಅಂದರೆ ಬರೀ ಅತಿಥಿಗಳಾ, ಎಲ್ಲ ಸೇರಿಯಾ? ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಕಾ ಹೇಳಿದ್ದು ಖರೇ ಅನ್ನಿಸಿತು: "ಪೊಲೀಸರು ಬಂದು ತಲಿ ಎಣಸ್ತಾರ. ಇಂವ ಅಡಗಿಯಂವ, ಇಂವ ಬೀಗ ಅಂತ ಬಿಡಿಸಿ ನೋಡ್ತಾರೇನು?" ಹಾಗಾಗಿ ಎಲ್ಲ ಸೇರಿ 50 ಅಂತಲೇ ಹಿಡಿದೆವು. ಬೀಗರಿಗೆ 20. ಅಯ್ಯನವರು, ಜೊತೆಗೊಬ್ಬರು. ಅಡುಗೆಯವರು 4. ಫೋಟೋದವನು 1. ನಮ್ಮ ಮನೆಯವರೇ 9. ಉಳಿದದ್ದು 14 ಜಾಗ. ಅಪ್ಪನ ಕಡೆ, ಅವ್ವನ ಕಡೆ, ಅಪ್ಪನ ಗೆಳೆಯರು, ಓಣಿಯವರು, ನನ್ನ ಗೆಳತಿಯರು, ಎಲ್ಲರಿಗೂ 14.

ನನ್ನ ಗೆಳತಿಯರನ್ನು ಮೊದಲೇ ತೆಗೆದುಹಾಕಿದೆ. ಅದು ಸುಲಭ, ಅವರು ಬೆಂಗಳೂರಿನಿಂದ ಬರುವ ಹಾಗೂ ಇರಲಿಲ್ಲ. ಆಮೇಲೆ ಶುರುವಾಯಿತು. ಅಪ್ಪನಿಗೆ ಅಕ್ಕ ತಂಗಿಯರು ಮೂವರು. ಗಂಡಂದಿರು ಸೇರಿದರೆ ಆರು. ಆದರೆ ದೊಡ್ಡತ್ತೆಗೆ 67, ಅವರ ಯಜಮಾನರಿಗೆ ಎಪ್ಪತ್ತರ ಮೇಲೆ. ನಿಯಮದ ಪ್ರಕಾರ ಅವರು ಬರುವಂತಿಲ್ಲ. ಸಣ್ಣತ್ತೆಯರಿಬ್ಬರು ಬರಬಹುದು. ಹಿರಿಯಳನ್ನು ಬಿಟ್ಟು ಕಿರಿಯರನ್ನು ಕರೆಯೋದು ಹೇಗೆ? ಅವ್ವ ರಾತ್ರಿಯೆಲ್ಲ ಇದೇ ಲೆಕ್ಕ ಹಾಕಿದಳು. ಕೊನೆಗೆ ದೊಡ್ಡತ್ತೆಯೇ ಫೋನ್ ಮಾಡಿ, ಸಕ್ಕರೆ ಕಾಯಿಲೆ ಇದೆ, ನಾನು ಬರೋದಿಲ್ಲ, ನನ್ನ ಮಗ ಬರ್ತಾನೆ ಅಂದರು. ದನಿ ಮಾತ್ರ ಬಿಗಿಯಾಗಿತ್ತು. ಇಂಥಲ್ಲಿ ಸರ್ಕಾರದ ಮೇಲೆ ಹಾಕಿಬಿಡೋದು ಸುಲಭ, "ಏನ್ ಮಾಡೋದ್ರೀ, ರೂಲ್ಸು" ಅಂತ. ನಾವೂ ಹಾಗೇ ಹೇಳಿದೆವು. ಆದರೆ ಸರ್ಕಾರ ಬರೀ ಸಂಖ್ಯೆ ಕೊಟ್ಟಿತ್ತು, ಹೆಸರು ಹೊಡೆದದ್ದು ನಾವು. ಅದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ ಅಷ್ಟೇ.

ನಮ್ಮನ್ನು ಸ್ವಲ್ಪ ಕಾಪಾಡಿದ್ದು ಮಳೆ. ಮಿರಗದ (ಮೃಗಶಿರಾ) ಮಳೆ ಆ ವರ್ಷ ಚೆನ್ನಾಗೇ ಹಿಡಿದಿತ್ತು, ಹಳ್ಳಿಯ ನೆಂಟರೆಲ್ಲ ತೊಗರಿ ಬಿತ್ತುವ ಗಡಿಬಿಡಿಯಲ್ಲಿದ್ದರು. ಕೂರಿಗೆ ಬಿಟ್ಟು ಯಾರು ಬರ್ತಾರೆ? "ಬಿತ್ತಗಿ ನಡದದ ತಮ್ಮಾ, ಬೇಜಾರ ಮಾಡ್ಕೋಬ್ಯಾಡ" ಅಂತ ಅವರೇ ಅಪ್ಪನಿಗೆ ಹೇಳಿದರು. ಅಪ್ಪ ಮೇಲೆ ಮೇಲೆ ಬೇಜಾರು ಮಾಡಿಕೊಂಡರು.

ಬೀಗರ ಕಡೆ ಗುದ್ದಾಟ ಬೇರೆ ಥರ. ನಮ್ಮ ಮಾವನವರು "ನಮ್ಮ ಓಣಿ ಮಂದಿನೇ ಐವತ್ತು ಅದಾರ" ಅಂದರು. 35 ಅಂದರು, 30ಕ್ಕೆ ಇಳಿದರು, ಅಲ್ಲೇ ನಿಂತರು. ಅಪ್ಪ ಹೆಣ್ಣಿನ ಕಡೆಯವರು, ಗಟ್ಟಿಯಾಗಿ ಮಾತಾಡಲು ಅಳುಕು. ಇದನ್ನು ಬಗೆಹರಿಸಿದ್ದು ನಾನು ಮತ್ತು ನನ್ನ ಗಂಡ ಆಗಲಿದ್ದವರು, ಫೋನಿನಲ್ಲೇ. ಅವರು ಒಂದು ಉಪಾಯ ಮಾಡಿದರು. ಜನರ ಮಾತೇ ಎತ್ತಲಿಲ್ಲ, ಗಾಡಿಯ ಮಾತು ಎತ್ತಿದರು. ಕ್ರೂಸರಿನಲ್ಲಿ ಮೊದಲಿನ ಹಾಗೆ ತುಂಬುವಂತಿಲ್ಲ, ಇಷ್ಟೇ ಜನ ಕೂಡಬೇಕು, ಹುಮನಾಬಾದ್ ರಸ್ತೆಯಲ್ಲಿ ಹಿಡಿದರೆ ಮುಹೂರ್ತ ತಪ್ಪುತ್ತದೆ ಅಂದರು. ಮುಹೂರ್ತ ಅಂದಕೂಡಲೇ ಮಾವನವರು 20ಕ್ಕೆ ಬಂದರು. ಆ 20 ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿ ತರಿಸಿಕೊಂಡೆ.

ಎಲ್ಲಕ್ಕಿಂತ ಜಾಸ್ತಿ ಕಷ್ಟವಾದದ್ದು ಮಾಮಾನ ವಿಷಯ. ಅವ್ವನಿಗೆ ಒಬ್ಬನೇ ತಮ್ಮ, ಸೋಲಾಪುರದಲ್ಲಿದ್ದಾನೆ. ಕಲಬುರಗಿಯಿಂದ ಸೋಲಾಪುರ ಅಂದರೆ ನಮಗೆ ಬೇರೆ ರಾಜ್ಯ ಅಂತ ಯಾವತ್ತೂ ಅನ್ನಿಸಿದ್ದೇ ಇಲ್ಲ. ಮದುವೆ ಬಸ್ತಾ, ಅಂದರೆ ಬಟ್ಟೆಬರೆ, ತರಲು ಬೆಳಿಗ್ಗೆ ಹೋಗಿ ರಾತ್ರಿ ಬರ್ತಿದ್ದೆವು. ಆಗ ನೋಡಿದರೆ ಆಳಂದ ಆಚೆ ಹಿರೋಳಿಯ ಚೆಕ್‌ಪೋಸ್ಟೇ ದೇಶದ ಗಡಿ ಆಗಿತ್ತು. ಮುಂಬೈ, ಪುಣೆಯಿಂದ ವಾಪಸ್ ಬಂದ ಕೂಲಿ ಮಂದಿಯನ್ನು ಶಾಲೆ, ಹಾಸ್ಟೆಲುಗಳಲ್ಲಿ ಇರಿಸಿದ್ದರು. ಮಹಾರಾಷ್ಟ್ರದಿಂದ ಬಂದರೆ 7 ದಿನ ಸಾಂಸ್ಥಿಕ ಕ್ವಾರಂಟೈನ್, ಆಮೇಲೆ 7 ದಿನ ಮನೆಯಲ್ಲಿ. ಮಾಮಾ ಅದಕ್ಕೂ ತಯಾರಿದ್ದ. "ಶಾಲ್ಯಾಗ ಮಲಗ್ತೀನಿ, ಏನಾಯ್ತು" ಅಂದ. ಅವ್ವನೇ ಬೇಡ ಅಂದಳು. ಆ ಹಾಸ್ಟೆಲಿನಲ್ಲೇ ಅವನಿಗೆ ಹತ್ತಿದರೆ ಅಂತ ಅವಳ ಹೆದರಿಕೆ.

ಹಂದರಗಂಬ, ಅಂದರೆ ಮದುವೆ ಚಪ್ಪರದ ಕಂಬ, ಹಚ್ಚೋದು ಸೋದರಮಾವನ ಕೆಲಸ. ಅವನು ಕೊಟ್ಟ ಸೀರೆ ಉಟ್ಟೇ ಅಕ್ಷತೆಗೆ ನಿಲ್ಲಬೇಕು. ಮಾಮಾ ಬರದಿದ್ದರೂ ಸೀರೆ ಬಂತು, ಲಾರಿಯಲ್ಲಿ. ಜನ ಓಡಾಡುವಂತಿಲ್ಲ, ಸರಕು ಓಡಾಡಬಹುದಿತ್ತು. ನಮ್ಮೂರ ದಾಲ್ ಮಿಲ್ಲಿಗೆ ಬರುವ ಲಾರಿಯ ಡ್ರೈವರ್ ಒಬ್ಬನ ಪರಿಚಯ ಹಿಡಿದು ಮಾಮಾ ಪಾರ್ಸಲ್ ಕಳಿಸಿದ್ದ. ಅಣ್ಣ ಹೋಗಿ ತಂದ. ಅವ್ವ ಅದನ್ನು ಹೊಸ್ತಿಲ ಒಳಗೆ ಬಿಡಲಿಲ್ಲ. ಹೊರಗಿನ ಕಾಗದ ಸುಲಿದು ಅಲ್ಲೇ ಸುಟ್ಟು, ಸೀರೆಯನ್ನು ಕೋಲಿನಿಂದ ಎತ್ತಿ ಮಾಳಿಗೆ ಮೇಲಿನ ತಂತಿಗೆ ಹಾಕಿದಳು. ಹಸಿರು ಸೀರೆ, ಕೆಂಪು ಅಂಚು. ಮೋಡ ಕವಿದರೆ ಓಡಿ ತೆಗೆಯೋದು, ಬಿಸಿಲು ಬಂದರೆ ಮತ್ತೆ ಹಾಕೋದು. ಓಣಿಯವರೆಲ್ಲ ಆ ಸೀರೆ ನೋಡಿದ್ದೇ ನೋಡಿದ್ದು. ನಾನು ಉಡುವ ಮೊದಲೇ ಅದರ ಅಂಚು ಚೆನ್ನಾಗಿಲ್ಲ ಅಂತ ಎದುರುಮನೆಯ ಕಾಕು ಹೇಳಿಯಾಗಿತ್ತು.

ಹಂದರಗಂಬಕ್ಕೆ ಅವ್ವನ ಚಿಕ್ಕಪ್ಪನ ಮಗ ಬಂದ. ಮಾಮಾ ವೀಡಿಯೊ ಕಾಲ್‌ನಲ್ಲಿ. ಅಲ್ಲಿಂದಲೇ "ಇನ್ನ ಸ್ವಲ್ಪ ಎಡಕ್ಕ, ವಾಲ್ಯಾದ ನೋಡು" ಅಂತ ಹೇಳ್ತಿದ್ದ. ಕಂಬ ನೆಟ್ಟಗೇ ಇತ್ತು, ವಾಲಿದ್ದು ಅಣ್ಣನ ಮೊಬೈಲು. ಎಲ್ಲರೂ ನಕ್ಕೆವು. ಅವ್ವ ಒಳಗೆ ಹೋಗಿಬಿಟ್ಟಳು.

ಆ ವಾರ ನನಗಿದ್ದ ದೊಡ್ಡ ಹೆದರಿಕೆ ಸೀಲ್‌ಡೌನ್. ಓಣಿಯಲ್ಲಿ ಒಂದು ಕೇಸು ಬಂದರೆ ಎರಡೂ ಬದಿಗೆ ಬೊಂಬು ಕಟ್ಟಿಬಿಡ್ತಾರೆ, ಮುಗೀತು. ಅನುಮತಿ ಪತ್ರ ಇದ್ದರೂ ಪ್ರಯೋಜನವಿಲ್ಲ. ಯಾರಾದರೂ ಕೆಮ್ಮಿದರೆ ಕಿವಿ ಅತ್ತ ಹೋಗ್ತಿತ್ತು. ಜೂನ್ 8ಕ್ಕೆ ಗುಡಿಗಳು ತೆರೆದ ಮೇಲೆ ಅಪ್ಪ ಶರಣಬಸಪ್ಪನ ಗುಡಿಗೆ ಹೋಗಿ ಹೊಸ ಪತ್ರಿಕೆ ಇಟ್ಟು ಬಂದರು, ಬಹುಶಃ ಅದನ್ನೇ ಬೇಡಿಕೊಂಡಿರಬೇಕು.

ಮದುವೆಯ ದಿನದ ಒಂದೆರಡು ಸಂಗತಿ ಹೇಳಬೇಕು. ಹಿಂದಿನ ರಾತ್ರಿ ಮಳೆ ಬಿದ್ದು ಹಂದರದ ಮೇಲಿನ ತಾಡಪತ್ರಿಯಲ್ಲಿ ನೀರು ನಿಂತಿತ್ತು. ಅಣ್ಣ ಕೋಲಿನಿಂದ ಎತ್ತಿದ, ನೀರೆಲ್ಲ ಕುರ್ಚಿಗಳ ಮೇಲೆ. ಬಾಗಿಲಲ್ಲಿ ಸ್ಯಾನಿಟೈಸರ್ ಇಡಲಿಲ್ಲ, ಬಕೆಟ್ ನೀರು, ಸಾಬೂನು ಇಟ್ಟೆವು. ಸ್ಯಾನಿಟೈಸರಿನಲ್ಲಿ ಇರೋದು ಸ್ಪಿರಿಟ್ಟು. ಒದ್ದೆ ಕೈಯಲ್ಲೇ ಆರತಿ ಹಿಡಿದರೆ ಗತಿ? ಸಾಬೂನು ಹಚ್ಚಿ ಚೆನ್ನಾಗಿ ತೊಳೆದರೆ ಅದೇ ಸಾಕು ಅಂತ ಅಣ್ಣ ಹೇಳಿದ. ಅದೊಂದು ಒಳ್ಳೆ ಕೆಲಸ ಆಯಿತು.

ಥರ್ಮಲ್ ಗನ್ ಅಣ್ಣನ ಅಂಗಡಿಯದು. ಬೀಗರು ಭಾಲ್ಕಿಯಿಂದ ಬಂದು ಇಳಿದರು. ಬಿಸಿಲಿನಲ್ಲಿ ಎಸಿ ಇಲ್ಲದ ಕ್ರೂಸರಿನಲ್ಲಿ ಬಂದ ಮಂದಿ, ಹಣೆಗೆ ಗನ್ ಹಿಡಿದರೆ ಮೊದಲ ಮೂವರಿಗೇ 99, 100 ತೋರಿಸಿತು. ಮೂರನೆಯವರು ನಮ್ಮ ಮಾವನವರು. ಅಪ್ಪನ ಮುಖ ನೋಡಬೇಕಿತ್ತು! ಬೀಗರನ್ನು ಬಾಗಿಲಲ್ಲಿ ನಿಲ್ಲಿಸಿ ಜ್ವರ ಇದೆ ಅನ್ನೋದು ಹೇಗೆ? ಅಣ್ಣ ಬೇವಿನ ಗಿಡದ ನೆರಳಿಗೆ ಕುರ್ಚಿ ಹಾಕಿಸಿ, ಎಲ್ಲರಿಗೂ ಮಜ್ಜಿಗೆ ಕೊಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಹಿಡಿದರೆ ಎಲ್ಲ 97. ಮಾವನವರು ಗನ್ನನ್ನೇ ಕೈಗೆ ಇಸಿದುಕೊಂಡು ಅಪ್ಪನ ಹಣೆಗೆ ಹಿಡಿದರು. ಆಮೇಲೆ ಇಬ್ಬರ ನಡುವಿನ ಬಿಗಿ ಸಡಿಲಾಯಿತು.

ಸುರಗಿ ಶಾಸ್ತ್ರ ಎಂದಿನ ಹಾಗೇ ಆಯಿತು. ನಾಲ್ಕು ಮೂಲೆಗೆ ತಂಬಿಗೆ, ಸುತ್ತ ಬಿಳಿ ನೂಲು. ನೂಲು ಸುತ್ತುವ ಮುತ್ತೈದೆಯರು ಐವರೂ ಮಾಸ್ಕ್ ಹಾಕಿದ್ದರಿಂದ ಹಾಡು ಮಾತ್ರ ಗೊಣಗಿದ ಹಾಗೆ ಕೇಳಿಸ್ತಿತ್ತು. ಕೊನೆಗೆ ವೈನಿ (ಅಣ್ಣನ ಹೆಂಡತಿ) ಮಾಸ್ಕ್ ಗಲ್ಲಕ್ಕೆ ಇಳಿಸಿ ಹಾಡಿದಳು. ಬಾಸಿಂಗ ಕಟ್ಟಿದ ಮೇಲೆ ಅದರ ದಾರ, ಮಾಸ್ಕಿನ ದಾರ ಎರಡೂ ಕಿವಿಯ ಹಿಂದೆ ಸಿಕ್ಕಿಕೊಂಡು ಒಂದನ್ನು ಎಳೆದರೆ ಇನ್ನೊಂದು ಬರ್ತಿತ್ತು.

ಅಕ್ಷತೆ ಹೊತ್ತಿಗೆ ಸರಿಯಾಗಿ ಇಬ್ಬರು ಪೊಲೀಸರು ಬಂದರು. ಅನುಮತಿ ಪತ್ರ, ಪಟ್ಟಿ ಎರಡನ್ನೂ ಕಾಕಾ ತೋರಿಸಿದರು. ನೋಡಲ್ ವ್ಯಕ್ತಿ ಅವರೇ. ಎಣಿಸಿದರು, ಸರಿಯಾಗಿತ್ತು. ಆದರೆ ಅಕ್ಕಪಕ್ಕದ ಮಾಳಿಗೆಗಳ ಮೇಲೆ ಇಡೀ ಓಣಿ ನಿಂತಿತ್ತು, ಹೊಸ ಬಟ್ಟೆ ಉಟ್ಟುಕೊಂಡು, ಕೈಯಲ್ಲಿ ಅಕ್ಕಿಕಾಳು ಹಿಡಿದು. ಯಾರೂ ಕರೆದಿರಲಿಲ್ಲ. ಅವರವರ ಮಾಳಿಗೆ ಮೇಲೆ ಅವರವರು ನಿಂತರೆ ಯಾರು ಏನು ಅನ್ನಬೇಕು? ಪೊಲೀಸರೊಬ್ಬರು ಮೇಲೆ ನೋಡಿದರು, "ಮ್ಯಾಲಿನವರಿಗೂ ಮಾಸ್ಕ್ ಹಾಕ್ಕೊಳ್ಳಕ ಹೇಳ್ರಿ" ಅಂದು ಹೋದರು. ಮಂಗಳಾಷ್ಟಕ ಮುಗಿದಾಗ ಕೆಳಗಿನಿಂದ ಬಿದ್ದ ಅಕ್ಷತೆಗಿಂತ ಮೇಲಿನಿಂದ ಬಿದ್ದದ್ದೇ ಜಾಸ್ತಿ. ಆಯಿ ಪಡಸಾಲೆಯ ಕಿಟಕಿ ಹತ್ತಿರ ಕೂಡಬೇಕು ಅಂತ ಮಾತಾಗಿತ್ತು. ಕೂತಿದ್ದಳು ಕೂಡ. ಅಕ್ಷತೆ ವೇಳೆಗೆ ನೋಡಿದರೆ ನನ್ನ ಬೆನ್ನ ಹಿಂದೆ.

ಅಡುಗೆಯವರಿಗೆ 50 ಮಂದಿಯ ಅಳತೆಯೇ ಗೊತ್ತಿಲ್ಲ. ಸಾವಿರಕ್ಕೆ ಮಾಡುವ ಕೈ. "ಇಷ್ಟ ಮಂದಿಗಿ ಹುಗ್ಗಿ ಹ್ಯಾಂಗ ಮಾಡಾದ್ರೀ, ತಳ ಹತ್ತತದ" ಅಂತ ಹೇಳಿ ದೊಡ್ಡ ಹಂಡೆಯನ್ನೇ ಇಟ್ಟರು. ಗೋಧಿ ಹುಗ್ಗಿ, ಎಣ್ಣೆಗಾಯಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಭಜಿ, ಅನ್ನ, ಸಾರು. ಊಟ ಆದ ಮೇಲೆ ಅರ್ಧ ಹಂಡೆ ಹಾಗೇ ಇತ್ತು. ಅಣ್ಣನ ಗೆಳೆಯರು ಬೈಕಿನಲ್ಲಿ ಸ್ಟೀಲ್ ಡಬ್ಬಿಗಳಲ್ಲಿ ಹುಗ್ಗಿ ತುಂಬಿಕೊಂಡು, ಯಾರನ್ನು ಪಟ್ಟಿಯಿಂದ ಹೊಡೆದಿದ್ದೆನೋ ಅವರ ಮನೆಗಳಿಗೇ ಕೊಟ್ಟು ಬಂದರು. ಅದಕ್ಕೆ ಬೇರೆ ಪಟ್ಟಿ ಬೇಕಾಗಲೇ ಇಲ್ಲ. ನಾನು ಎಕ್ಸೆಲ್‌ನಲ್ಲಿ ಕೆಂಪು ಬಣ್ಣ ಹಚ್ಚಿಟ್ಟಿದ್ದ ಹೆಸರುಗಳೇ ಸಾಕಾದವು. ದೊಡ್ಡತ್ತೆಯ ಮನೆಗೆ ಮೊದಲ ಡಬ್ಬಿ. ಡಬ್ಬಿ ವಾಪಸ್ ಬಂದಾಗ ಅದರಲ್ಲಿ ಸಕ್ಕರೆ, ಮೇಲೆ ಐನೂರ ಒಂದು ರೂಪಾಯಿ.

ಮುಯ್ಯಿಯ ಮಾತು ಬಂದದ್ದು ಆಗ. ಕರೆಯದೇ ಇದ್ದವರು ಫೋನ್‌ಪೇ ಮಾಡತೊಡಗಿದರು. ಕರೆಯದೆ ಮುಯ್ಯಿ ತಗೊಳ್ಳೋದು ಹೇಗೆ ಅಂತ ಅಪ್ಪನಿಗೆ ಸಂಕೋಚ. ವಾಪಸ್ ಮಾಡಿದರೆ ಇನ್ನೂ ದೊಡ್ಡ ಅವಮಾನ ಅಂತ ಅವ್ವ. ಕೊನೆಗೆ ಅಪ್ಪ ನನ್ನ ಮೊಬೈಲ್ ನೋಡಿ ನೋಡಿ ಒಂದೊಂದನ್ನೂ ಹಳೇ ಮುಯ್ಯಿ ಪುಸ್ತಕದಲ್ಲಿ ಇಳಿಸಿದರು. ಯಾಕೆಂದರೆ ಅವರ ಮನೆಯ ಮದುವೆಗೆ ತಿರುಗಿ ಹಾಕಬೇಕಲ್ಲ. ಇದನ್ನು ಫೋನಿನಲ್ಲೇ ನೋಡಬಹುದು ಅಂದರೆ ಕೇಳುವುದಿಲ್ಲ.

ಮದುವೆ ಆದ ಮೇಲೆ ಎರಡು ವಾರ ನಾನು ಎಲ್ಲರಿಗೂ ಫೋನ್ ಮಾಡಿ ಕೆಮ್ಮು ಜ್ವರ ಕೇಳುತ್ತಿದ್ದೆ, ಪಟ್ಟಿಯಲ್ಲಿ ನಂಬರ್ ಇತ್ತಲ್ಲ. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೇರೆ ಮನೆಗಳಲ್ಲಿ ಹೀಗೇ ಎಲ್ಲ ನೋಡಿಕೊಂಡರೂ ಆಗಿದೆ, ಹಾಗಾಗಿ ನಮ್ಮ ಜಾಣತನ ಅಂತ ಹೇಳಲಾರೆ.

ಮರುವರ್ಷ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ಮದುವೆಗೆ ಮತ್ತೆ 50 ಅಂದರು. ದೊಡ್ಡತ್ತೆಯ ಮಗನ ಮದುವೆ ಆಗಲೇ. ಅವನು ಫೋನ್ ಮಾಡಿ "ಅಕ್ಕಾ, ನಿನ್ನ ಎಕ್ಸೆಲ್ ಫೈಲ್ ಅದ ಏನು?" ಅಂದ. ಕಳಿಸಿದೆ. ಬೀಗರ ಸಂಖ್ಯೆಯನ್ನು ಮೊದಲೇ ಬರೆಸಿಕೋ, ಬಾಗಿಲಲ್ಲಿ ಸಾಬೂನು ಇಡು, ಗನ್ ಹಿಡಿಯುವ ಮುಂಚೆ ಮಜ್ಜಿಗೆ ಕೊಡು ಅಂತ ಹೇಳಿದೆ. ಅವನು ಪಟ್ಟಿ ಮಾಡಿ ನೋಡಲು ನನಗೇ ಕಳಿಸಿದ. ಅದರಲ್ಲಿ ನನ್ನ ಹೆಸರು ಇತ್ತು, ನನ್ನ ಗಂಡನ ಹೆಸರು ಇರಲಿಲ್ಲ. ಕೇಳಿದರೆ, "ಏನ್ ಮಾಡೋದಕ್ಕಾ, ರೂಲ್ಸು" ಅಂದ.